ಗಂಜಿ ಕುಡಿದ ಹಾಸು

ಬಾಳೆದಿಂಡಿನ ನಾರು ಇಷ್ಟು ಹಟಮಾರಿ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಆ ಕೆಲಸಕ್ಕೆ ಕೈಯನ್ನೇ ಹಾಕುತ್ತಿರಲಿಲ್ಲ. ಕಮಲಾಪುರದಲ್ಲಿ ಕೆಂಪು ಬಾಳೆಯ ಗೊನೆ ಕಡಿದ ಮೇಲೆ ದಿಂಡನ್ನು ಬದುವಿಗೆ ಎಸೆಯುತ್ತಾರೆ. ಆ ದಿಂಡಿನಿಂದ ನಾರು ತೆಗೆಯಬೇಕು. ನಾರಿನ ಸುತ್ತ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಸಣ್ಣ ಎಳೆ ಸುತ್ತಿ, ಎರಡೂ ಕೂಡಿದ ಮಿಶ್ರ ನೂಲು ಮಾಡಬೇಕು. ಆ ನೂಲನ್ನು ಬಟ್ಟೆಯಾಗಿ ನೇಯಿಸಿ, ಬಟ್ಟೆಯ ಎಂಟು ಪದರನ್ನು ಒಂದರ ಮೇಲೊಂದಿಟ್ಟು ಬಿಸಿ ಪ್ರೆಸ್ಸಿನಲ್ಲಿ ಒತ್ತಬೇಕು. ಪ್ಲಾಸ್ಟಿಕ್ ಕರಗಿ ನಾರಿನ ಸಂದುಗೊಂದಿಗೆಲ್ಲ ಇಳಿದು, ಆರಿದಾಗ ಗಟ್ಟಿ ಹಲಗೆಯಾಗುತ್ತದೆ. ಫರಸಿ ಕಲ್ಲಿನ ಗಣಿಗಳಲ್ಲಿ ತಲೆಗೆ ಬರೀ ಟವೆಲ್ ಸುತ್ತಿಕೊಂಡು ದುಡಿಯುವವರಿಗೆ ಆ ಹಲಗೆಯಿಂದ ಅಗ್ಗದ ಹೆಲ್ಮೆಟ್ ಮಾಡಬೇಕು ಎಂಬುದು ನಮ್ಮ ಯೋಜನೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಸರ್ಕಾರದ ಒಂದು ಇಲಾಖೆ ಯೋಜನೆಗೆ ಒಪ್ಪಿಗೆ ಕೊಟ್ಟು, ಎರಡು ಪರೀಕ್ಷೆಗಳನ್ನು ಗೊತ್ತುಮಾಡಿತ್ತು. ಹಲಗೆಯನ್ನು ಬಾಗಿಸಿದರೆ ಎಷ್ಟು ಭಾರ ತಾಳುತ್ತದೆ ಎಂಬುದು ಒಂದು. ಮೇಲಿನಿಂದ ಭಾರ ಬಿದ್ದರೆ ಎಷ್ಟು ಹೊಡೆತ ತಡೆಯುತ್ತದೆ ಎಂಬುದು ಇನ್ನೊಂದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಸಿಟ್ಟಿಗಿಂತ ಕೆಟ್ಟದ್ದು ಬೇರೆ ಇತ್ತು.

ನೂಲು ಸುತ್ತುವ ಯಂತ್ರವನ್ನು ನಾವೇ ಮಾಡಿಕೊಂಡೆವು. ಹಳೆಯ ಹೊಲಿಗೆ ಯಂತ್ರದ ಮೋಟಾರು, ಒಂದು ಟೊಳ್ಳು ಕೊಳವೆ, ಸೊಲ್ಲಾಪುರದಿಂದ ತಂದ ಪ್ಲಾಸ್ಟಿಕ್ ಎಳೆಯ ಬಾಬಿನ್ನು, ಇಷ್ಟೇ. ನಾರು ಕೊಳವೆಯೊಳಗಿಂದ ಹಾಯ್ದು ಬರುವಾಗ ಬಾಬಿನ್ನು ಅದರ ಸುತ್ತ ತಿರುಗಿ ಎಳೆ ಸುತ್ತುತ್ತಿತ್ತು. ನೂಲೇನೋ ಬಂತು. ನೇಯುವವರು ಬೇಕಲ್ಲ! ಸೊಲ್ಲಾಪುರದ ಪವರ್‌ಲೂಮಿನವರು ಒಂದು ಗಂಟೆ ಓಡಿಸಿ ಕೈಮುಗಿದರು. ಮಗ್ಗ ಜಗ್ಗಿದ ಜಗ್ಗಿಗೆಲ್ಲ ನಾರು ತುಂಡಾಗುತ್ತಿತ್ತು. ಕೈಮಗ್ಗವಾದರೆ ಆದೀತು ಎಂದು ಅವರೇ ಹೇಳಿದರು.

ಹಾಗೆ ಹುಡುಕುತ್ತ ಹೋದಾಗ ಸಿಕ್ಕವರು ಕಮಲಾಪುರದ ಕಾಕಾ. ಅರವತ್ತೈದು ದಾಟಿದ ನೇಕಾರರು. ಓಣಿಯಲ್ಲಿ ಒಂದು ಕಾಲಕ್ಕೆ ಸಾಲಾಗಿ ಮಗ್ಗಗಳಿದ್ದವಂತೆ. ಆಗ ಉಳಿದಿದ್ದದ್ದು ಇವರ ಕುಣಿಮಗ್ಗ ಒಂದೇ, ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವಂಥದ್ದು. ಅದೂ ನಿಂತು ಮೂರು ವರ್ಷವಾಗಿತ್ತು. ಮನೆಯಲ್ಲಿ ಅವರು, ಅವರ ಹೆಂಡತಿ, ಇಬ್ಬರೇ.

ಕಾಕಾ ನನ್ನ ನೂಲನ್ನು ಬೆರಳ ನಡುವೆ ಹೊಸೆದರು, ಹಲ್ಲಿಗಿಟ್ಟು ಕಚ್ಚಿ ನೋಡಿದರು.

"ಇದು ನೂಲೇನ್ರಿ ಮಾಸ್ತರ, ಎತ್ತಿಗಿ ಕಟ್ಟೂ ಹಗ್ಗೇನ್ರಿ?"

"ಏನರ ಅನ್ರಿ ಕಾಕಾ. ನೇಯಾಕ ಆಗ್ತದೋ ಇಲ್ಲೋ ಅಷ್ಟು ಹೇಳ್ರಿ."

ಒಳಗಿನಿಂದ ಕಾಕಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತ ಬಂದರು. "ಬಾಳಿಹಣ್ಣು ತಿನ್ನೂ ಮಂದಿ ನೋಡೀನಿ, ಬಾಳಿ ಎಲಿಮ್ಯಾಲ ಉಣ್ಣೂ ಮಂದಿ ನೋಡೀನಿ. ಬಾಳಿದಿಂಡು ತಲಿಗಿ ಕಟಗೊಳ್ಳೂ ಮಂದಿ ನೋಡಿದ್ದಿಲ್ಲ ನಮ್ಮವ್ವಾ!"

"ನೀ ಸುಮ್ಕಿರು," ಎಂದರು ಕಾಕಾ. ಕೈ ಮಾತ್ರ ಆಗಲೇ ಮಗ್ಗದ ಮೇಲಿನ ಧೂಳು ಒರೆಸುತ್ತಿತ್ತು.

ಮೊದಲಿಗೆ ಎರಡು ಮೊಳದ ತುಂಡು ನೇಯ್ದು ಕೊಟ್ಟರು. ಅದನ್ನು ನಂದೂರಿನಲ್ಲಿ ಒತ್ತಿಸಿದೆ. ಅಲ್ಲಿ ದಾಲ್ ಮಿಲ್ಲುಗಳಿಗೆ ರಬ್ಬರಿನ ವಾಷರು, ಪಟ್ಟಿ ಮಾಡಿಕೊಡುವ ಒಂದು ಸಣ್ಣ ಕಾರ್ಖಾನೆಯಿತ್ತು. ಅದರ ಮಾಲೀಕರು ತಮ್ಮ ಕೆಲಸ ಇಲ್ಲದ ಹೊತ್ತಿನಲ್ಲಿ ಪ್ರೆಸ್ಸು ಬಿಟ್ಟುಕೊಡುತ್ತಿದ್ದರು. ನೂರಾ ಎಂಬತ್ತು ಡಿಗ್ರಿಯ ಆಸುಪಾಸು ಕಾಯಿಸಬೇಕು. ಕಡಿಮೆಯಾದರೆ ಪ್ಲಾಸ್ಟಿಕ್ ಸರಿಯಾಗಿ ಇಳಿಯುವುದಿಲ್ಲ, ಇನ್ನೂರು ದಾಟಿದರೆ ನಾರು ಸುಟ್ಟು ಕಂದಾಗುತ್ತದೆ. ನಡುವೆ ಕರೆಂಟು ಹೋದರೆ ಮುಗಿಯಿತು, ಆ ಹಲಗೆ ಒಲೆಗೆ. ಅಂತೂ ಮೂರು ಒಳ್ಳೆ ಹಲಗೆ ಬಂದವು. ಬಾಗಿಸುವ ಪರೀಕ್ಷೆಯಲ್ಲಿ ಬೇಕಾದದ್ದಕ್ಕಿಂತ ಹೆಚ್ಚೇ ಭಾರ ತಾಳಿದವು. ನಾನು ಕುಣಿಯುವುದೊಂದು ಬಾಕಿ.

ಪರಿಶೀಲನೆಗೆ ಬರುವ ಸಮಿತಿ ಒಪ್ಪಿದರೆ, ಮೊದಲ ಕಂತಿನ ಹೆಲ್ಮೆಟ್ಟುಗಳ ಬಟ್ಟೆಯೆಲ್ಲ ಕಾಕಾನ ಮಗ್ಗದಲ್ಲೇ ಆಗಬೇಕು ಎಂದು ಇಲಾಖೆಯವರಿಂದ ಮಾತು ತೆಗೆದುಕೊಂಡಿದ್ದೆ. ಕಮಲಾಪುರಕ್ಕೆ ಹೋಗಿ ಹೇಳಿದಾಗ ಕಾಕಾ ಮೂರು ಸಲ ಕೇಳಿದರು.

"ಎರಡು ವರ್ಷ ಮಗ್ಗ ನಿಲ್ಲಂಗಿಲ್ಲ ಅಂತೀರಿ?"

"ನಿಲ್ಲಂಗಿಲ್ಲ."

"ಖರೇನ್ರಿ?"

"ಖರೇ ಕಾಕಾ. ಹಲಗಿ ಪಾಸಾಗಬೇಕು, ಅಷ್ಟ."

ಕಾಕಿ ಕೆಂಪು ಬಾಳೆಯ ಹಣ್ಣು ತಂದು ನನ್ನ ಮುಂದಿಟ್ಟು, "ಮಾಸ್ತರ, ಇವರು ಮೂರು ವರ್ಷದಿಂದ ಗ್ವಾಡಿ ನೋಡಕೋತ ಕೂಡೂದು ನೋಡಿ ನನಗ ಸಾಕಾಗಿತ್ರಿ. ಮಗ್ಗದ ಸಪ್ಪಳ ಕೇಳಿದ್ರ ನನಗೂ ನಿದ್ದಿ ಬರ್ತದ," ಎಂದರು.

ಅವತ್ತು ಉದ್ದನೆಯ ಹಾಸು ಏರಿಸಲು ಬೇಕಾದ ನೂಲೆಲ್ಲ ಕೊಟ್ಟು ಬಂದೆ. ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು. ಅಡ್ಡಕ್ಕೆ ಹಾಯುವುದು ಹೊಕ್ಕು. ಹೊರಡುವಾಗ ಒಂದೇ ಒಂದು ಎಚ್ಚರಿಕೆ ಹೇಳಿದೆ: "ನೂಲಿಗೆ ನೀರು ತಾಗಬಾರದು ಕಾಕಾ. ತೇವ ಉಳಿದ್ರ ಪ್ರೆಸ್ಸಿನಾಗ ಹಬೆ ಎದ್ದು ಹಲಗಿ ತುಂಬ ಗುಳ್ಳಿ ಬರ್ತಾವ." ಕಾಕಾ, "ಹನಿ ಬೀಳಗೊಡಂಗಿಲ್ಲ ತಗೋರಿ," ಎಂದರು. ಒಲೆಯ ಮೇಲೆ ಬೋಗುಣಿಯಲ್ಲಿ ಏನೋ ಕುದಿಯುತ್ತಿತ್ತು. ಅಂಬಲಿ ಇರಬೇಕು ಎಂದುಕೊಂಡು ಬಸ್ಸು ಹಿಡಿದೆ.

ಎರಡು ತಿಂಗಳಲ್ಲಿ ಎರಡು ಸುರುಳಿ ಬಟ್ಟೆ ಬಂತು. ನೇಯ್ಗೆ ಎಷ್ಟು ಅಚ್ಚುಕಟ್ಟು ಎಂದರೆ ಮೊದಲಿನ ತುಂಡಿನಲ್ಲಿದ್ದ ಗಂಟು ಸಿಬಿರು ಒಂದೂ ಇಲ್ಲ. ಬಿಸಿಲಿಗೆ ಹರವಿ, ಮತ್ತೆ ಪ್ರಯೋಗಾಲಯದ ಓವನ್ನಿನಲ್ಲಿ ಒಣಗಿಸಿ, ಹನ್ನೆರಡು ಹಲಗೆ ಒತ್ತಿಸಿದೆ. ಕಣ್ಣಿಗೆ ಲಕ್ಷಣವಾಗಿಯೇ ಇದ್ದವು. ಬಾಗಿಸುವ ಯಂತ್ರಕ್ಕೆ ಕೊಟ್ಟರೆ ಮೊದಲ ಹಲಗೆ ಅರ್ಧ ಭಾರಕ್ಕೇ ಸೋತಿತು. ಮುರಿಯಲಿಲ್ಲ, ಪದರು ಪದರಾಗಿ ಒಂದರ ಮೇಲೊಂದು ಜಾರಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಸಮಿತಿ ಬರಲು ಒಂಬತ್ತು ದಿನ ಉಳಿದಿತ್ತು.

ಶಾಖ ಕಡಿಮೆಯಾಯಿತೇ ಎಂದು ಪ್ರೆಸ್ಸನ್ನು ಅನುಮಾನಿಸಿದೆ. ಪ್ಲಾಸ್ಟಿಕ್ ಎಳೆಯ ಹೊಸ ಬಾಬಿನ್ನನ್ನು ಅನುಮಾನಿಸಿದೆ. ನಾಲ್ಕು ದಿನ ಅದರಲ್ಲೇ ಹೋಯಿತು. ಕಡೆಗೆ ಜಾರಿದ ಪದರೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ನಾರಿನ ಮೇಲೆ ಹೊಳೆಯುವ ತೆಳು ಪೊರೆಯೊಂದು ಕಂಡಿತು. ಪ್ಲಾಸ್ಟಿಕ್ ಆ ಪೊರೆಗೆ ಅಂಟಿತ್ತು, ನಾರಿಗೆ ಮುಟ್ಟಿಯೇ ಇರಲಿಲ್ಲ. ಏನೋ ಹೊಳೆದು ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಟಿಂಕ್ಚರ್ ಅಯೋಡಿನ್ ತಂದು ಉಳಿದ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟೆ. ಕಣ್ಣೆದುರಿಗೇ ನೀಲಿಗಪ್ಪಾಯಿತು. ಹಿಟ್ಟು! ಬಟ್ಟೆಗೆ ಗಂಜಿ ಹಾಕಿದ್ದರು.

ನನ್ನ ದುರದೃಷ್ಟವೋ ಅವರದೋ, ಕಾಕಾ ಮೂರನೆಯ ಸುರುಳಿಯನ್ನು ಬಗಲಲ್ಲಿಟ್ಟುಕೊಂಡು ಕಾಲೇಜಿಗೆ ಬಂದದ್ದು ಅದೇ ಮಧ್ಯಾಹ್ನ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿದ್ದರು, ನಮ್ಮ ವಿಭಾಗದ ಮುಖ್ಯಸ್ಥರೂ ಇದ್ದರು. ನಾನು ಸುರುಳಿಯನ್ನು ಅವರ ಕೈಯಿಂದ ಕಿತ್ತು ಮೇಜಿನ ಮೇಲೆ ಹಾಸಿ ಅದರ ಮೇಲೂ ಅಯೋಡಿನ್ ಸುರಿದೆ. ಕಲೆ ಹರಡಿಕೊಂಡಿತು.

"ಏನಿದು? ನಾ ಹೇಳಿದ್ದೇನು, ನೀವು ಮಾಡಿದ್ದೇನು?"

ಕಾಕಾಗೆ ಅರ್ಥವಾಗಲಿಲ್ಲ. "ಗಂಜಿ ಅದ ಅಲ್ರಿ ಮಾಸ್ತರ. ಜ್ವಾಳದ ಹಿಟ್ಟಿನ ಗಂಜಿ."

"ನೀರು ತಾಗಸಬ್ಯಾಡ್ರಿ ಅಂದಿದ್ದೆ!"

"ನೀರು ತಾಗಿಸಿಲ್ರಿ. ಗಂಜಿ ಕುಡಿಸಿ ಮೂರು ದಿನ ಬಿಸಿಲಿಗಿ ಒಣಗ್ಸೀವಿ. ಸಣ್ಣ ತುಂಡಿಗಿ ಬೇಕಾಗಿದ್ದಿಲ್ಲ. ಉದ್ದನ ಹಾಸು ಗಂಜಿ ಇಲ್ಲದ ಮಗ್ಗಕ್ಕ ಹ್ಯಾಂಗ ಏರಸೂದ್ರಿ? ಮಗನ್ನ ಬರಿಹೊಟ್ಟಿಲೆ ಹೊಲಕ್ಕ ಕಳಿಸಿದಂಗ ಆಗ್ತದ."

ನೇಕಾರರು ಹಾಸಿಗೆ ಗಂಜಿ ಹಾಕುತ್ತಾರೆ ಎಂಬುದು ಮಗ್ಗದ ಮನೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ನೂಲಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ನನಗೆ ಗೊತ್ತಿರಲಿಲ್ಲ. ಅವರಿಗೆ ಅದು ಹೇಳಬೇಕಾದ ಮಾತೇ ಆಗಿರಲಿಲ್ಲ, ನನಗೆ ಕೇಳಬೇಕೆಂದು ಹೊಳೆದಿರಲಿಲ್ಲ. ತಪ್ಪು ಯಾರದು ಎಂದು ಆಗ ಒಂದು ನಿಮಿಷ ಯೋಚಿಸಿದ್ದರೂ ತಿಳಿಯುತ್ತಿತ್ತು. ಯೋಚಿಸಲಿಲ್ಲ. ಬಾಯಿಗೆ ಬಂದಂತೆ ಅಂದೆ. ಎಂಟು ತಿಂಗಳ ಕೆಲಸ ಹಾಳುಮಾಡಿದಿರಿ, ಇಷ್ಟು ವರ್ಷ ನೇಯ್ದು ಕಲಿತದ್ದು ಇದೇನಾ, ನಿಮ್ಮಂಥವರನ್ನು ನಂಬಿ ನಾನು ಕೆಟ್ಟೆ, ಎಂದೆಲ್ಲ. ಹುಡುಗರು ತಲೆ ತಗ್ಗಿಸಿದರು. ಮುಖ್ಯಸ್ಥರು, "ಸಾಕು ಬಿಡ್ರಿ, ಹಿರ್ಯಾರು ಅದಾರ," ಎಂದು ನನ್ನ ತೋಳು ಹಿಡಿದರು.

ಕಾಕಾ ಸುರುಳಿಯನ್ನು ನಿಧಾನಕ್ಕೆ ಸುತ್ತಿಕೊಂಡರು. "ತಪ್ಪಾತ್ರಿ," ಎಂದರು. ಆ ಸುರುಳಿಯನ್ನು ಬಗಲಲ್ಲಿಟ್ಟುಕೊಂಡೇ ಹೊರಗೆ ಹೋದರು.

ಸಮಿತಿ ಬಂತು. ಬಾಗಿಸುವ ಪರೀಕ್ಷೆಯಲ್ಲಿ ಸೋತದ್ದಕ್ಕೆ ಕಾರಣ ಬರೆಯಬೇಕಿತ್ತು. "ನೇಕಾರನ ಅಜಾಗರೂಕತೆಯಿಂದ" ಎಂದು ವರದಿಯಲ್ಲಿ ಬರೆದು ಸಹಿ ಮಾಡಿದೆ. ಮಳೆಗಾಲದವರೆಗೆ ಗಡುವು ಸಿಕ್ಕಿತು. ಗಂಜಿಯಿಲ್ಲದ ಬಟ್ಟೆಯನ್ನು ಸೊಲ್ಲಾಪುರದ ಬೇರೊಬ್ಬ ಕೈಮಗ್ಗದವರಿಂದ ಗಿಡ್ಡ ಗಿಡ್ಡ ತುಂಡುಗಳಲ್ಲಿ ನೇಯಿಸಿಕೊಂಡೆ. ಕಮಲಾಪುರಕ್ಕೆ ಹೋಗಲಿಲ್ಲ, ಹೇಳಿಯೂ ಕಳಿಸಲಿಲ್ಲ. ಮಗ್ಗ ಮತ್ತೆ ನಿಂತಿತು ಎಂದು ಆ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ ಅಂದಾಗ ಹೂಂ ಎಂದೆ.

ಹೊಡೆತದ ಪರೀಕ್ಷೆ ಇನ್ನೂ ಬಾಕಿ ಇತ್ತು. ಕಾಲೇಜಿನಲ್ಲಿದ್ದ ಲೋಲಕದ ಯಂತ್ರ ಕಬ್ಬಿಣ ಮುರಿಯುವಂಥದ್ದು. ನಮ್ಮ ಹಲಗೆ ಅದಕ್ಕೆ ಹಪ್ಪಳ. ಹಾಗಾಗಿ ನಂದೂರಿನ ಕಾರ್ಖಾನೆಯಲ್ಲೇ ಒಂದು ಏರ್ಪಾಡು ಮಾಡಿದೆವು. ಎರಡಾಳೆತ್ತರದ ಕಬ್ಬಿಣದ ಕೊಳವೆ, ಅದರೊಳಗೆ ಜಾರಿ ಬೀಳುವ ಗುಂಡುಮೂತಿಯ ಭಾರ, ಕೆಳಗೆ ಹಲಗೆಯನ್ನು ಸುತ್ತಲೂ ಬಿಗಿಹಿಡಿಯುವ ಬಳೆ. ಎತ್ತರ ಹೆಚ್ಚಿಸುತ್ತ ಹೋಗಿ, ಯಾವ ಎತ್ತರಕ್ಕೆ ಹಲಗೆ ತೂತಾಯಿತು ಎಂದು ಬರೆದುಕೊಳ್ಳುವುದು. ಶಿವರಾತ್ರಿ ಮುಗಿದ ವಾರ ಅದು ಸಿದ್ಧವಾಯಿತು.

ಒಳ್ಳೆ ಹಲಗೆಗಳನ್ನು ಹಾಳುಮಾಡುವುದೇಕೆ ಎಂದು, ಏರ್ಪಾಡು ಸರಿಯಿದೆಯೋ ನೋಡಲು ಮೂಲೆಗೆ ಒರಗಿಸಿದ್ದ ಗಂಜಿಯ ಹಲಗೆ ಒಂದನ್ನು ಹಾಕಿದೆ. ಭಾರ ಬಿತ್ತು. ದಬ್ ಎಂದು ಮಂದ ಸದ್ದಾಯಿತು. ಹಲಗೆ ಬೆಳ್ಳಗೆ ಉಬ್ಬಿತ್ತು, ತೂತಾಗಿರಲಿಲ್ಲ. ಎತ್ತರಿಸಿದೆ, ಮತ್ತೆ ಎತ್ತರಿಸಿದೆ, ಕೊಳವೆಯ ತುದಿ ಮುಟ್ಟುವವರೆಗೆ ಎತ್ತರಿಸಿದೆ. ಒಳಗೆ ಪದರುಗಳು ಬಿಟ್ಟುಕೊಂಡವೇ ಹೊರತು ಭಾರ ಆಚೆ ಹೋಗಲಿಲ್ಲ. ಆಮೇಲೆ ಗಂಜಿಯಿಲ್ಲದ ಒಳ್ಳೆಯ ಹಲಗೆ ಹಾಕಿದೆ. ಅರ್ಧ ಎತ್ತರಕ್ಕೇ ಚಟ್ ಎಂದು ನಕ್ಷತ್ರದ ಹಾಗೆ ಸೀಳಿ, ಭಾರ ನೇರ ತೂರಿ ನೆಲಕ್ಕೆ ಬಡಿಯಿತು.

ಏರ್ಪಾಡೇ ತಪ್ಪಿರಬೇಕು ಎಂದು ಬೈದುಕೊಂಡು ಬಳೆ ಬಿಚ್ಚಿ ಕಟ್ಟಿದೆ. ಐದು ಗಂಜಿ ಹಲಗೆ, ಐದು ಸಾದಾ ಹಲಗೆ. ಹತ್ತಕ್ಕೆ ಹತ್ತೂ ಅದನ್ನೇ ಹೇಳಿದವು. ಕೂತು ಯೋಚಿಸಿದಾಗ ಕಾರಣ ಸರಳವಿತ್ತು. ಪ್ಲಾಸ್ಟಿಕ್ ನಾರಿಗೆ ಬಿಗಿಯಾಗಿ ಅಂಟಿದ್ದರೆ ಬಿರುಕು ಅಡ್ಡಿಯಿಲ್ಲದೆ ನಾರನ್ನೂ ಕತ್ತರಿಸಿಕೊಂಡು ಓಡುತ್ತದೆ. ನಡುವೆ ಗಂಜಿಯ ಪೊರೆಯಿದ್ದರೆ ಪದರು ಜಾರುತ್ತದೆ, ನಾರು ಎಳೆದುಕೊಂಡು ಹೊರಬರುತ್ತದೆ. ಆ ಜಾರಾಟ, ಎಳೆದಾಟದಲ್ಲೇ ಹೊಡೆತದ ಬಲವೆಲ್ಲ ಕರಗಿಹೋಗುತ್ತದೆ. ಬಾಗುವಾಗ ದೋಷವಾದದ್ದೇ ಹೊಡೆತಕ್ಕೆ ಗುಣ. ಹೆಲ್ಮೆಟ್ಟಿಗೆ ಬೇಕಾದದ್ದು ಮುಖ್ಯವಾಗಿ ಇದೇ ಗುಣ. ನನ್ನ ಪುಸ್ತಕದಲ್ಲಿ ತಾರೀಖು ಹಾಕಿ ಎಲ್ಲ ಬರೆದೆ.

ಕಾರ್ಖಾನೆಯ ಮಾಲೀಕರು ಸೀಳಿದ ಹಲಗೆ ಒಂದು ಕೈಯಲ್ಲಿ, ಉಬ್ಬಿದ ಹಲಗೆ ಇನ್ನೊಂದು ಕೈಯಲ್ಲಿ ಹಿಡಿದು ನೋಡಿದರು. "ಅರೆ ಸಾಬ್, ಆ ಬುಡ್ಢಾಗ ಬೈದು ಕಳಿಸಿದ್ರಿ ಅಲ್ಲ, ಇದು ಅವನ ಮಾಲ್ ಅದ. ಖಬರ್ ಕೊಟ್ಟು ಬರ್ರಿ ಮೊದಲ."

"ಕೊಡೋಣ ತಗೋರಿ. ಐದು ಹಲಗಿಯಿಂದ ಏನು ಹೇಳಾಕ ಆಗ್ತದ? ಖಾತ್ರಿ ಆಗಲಿ."

ಆ ಮಾತು ಸುಳ್ಳಲ್ಲ, ಐದು ಹಲಗೆ ಸಾಲದು ಎಂದು ಯಾರಾದರೂ ಒಪ್ಪುತ್ತಾರೆ. ಆದರೆ ನಾನು ಹೋಗದೆ ಇದ್ದದ್ದು ಅದಕ್ಕಲ್ಲ. ಹೋದರೆ ತಪ್ಪಾಯಿತು ಎನ್ನಬೇಕಿತ್ತು. ವರದಿಯಲ್ಲಿ ಬರೆದದ್ದನ್ನು ಹೊಡೆದುಹಾಕಬೇಕಿತ್ತು. ಗಂಜಿಯನ್ನು ತೆಳುವಾಗಿ, ಮಂದವಾಗಿ, ಬೇರೆ ಬೇರೆ ಅಳತೆಯಲ್ಲಿ ನಾನೇ ಹಚ್ಚಿ ಮತ್ತೆ ಹಲಗೆ ಮಾಡೋಣ, ಪೂರ್ತಿ ಫಲಿತಾಂಶ ಕೈಯಲ್ಲಿಟ್ಟುಕೊಂಡೇ ಹೋಗೋಣ ಎಂದು ನಿರ್ಧರಿಸಿದೆ. ನಡುವೆ ಪ್ರೆಸ್ಸಿನ ಹೀಟರು ಸುಟ್ಟಿತು. ಪರೀಕ್ಷೆಯ ಉತ್ತರಪತ್ರಿಕೆಗಳು ಬಂದವು. ಯುಗಾದಿ ಬಂತು, ಹೋಯಿತು. ಕಮಲಾಪುರದ ಬಸ್ಸು ದಿನಾ ನನ್ನ ಕಣ್ಣೆದುರಿಗೇ ಹಾಯುತ್ತಿತ್ತು, ಒಂದೂವರೆ ತಾಸಿನ ದಾರಿ.

ಬಸವ ಜಯಂತಿಗೆ ನಾಲ್ಕು ದಿನ ಇದೆ ಎನ್ನುವಾಗ ಹೊಸ ಹಲಗೆಗಳ ಲೆಕ್ಕ ಮುಗಿಯಿತು. ತೆಳು ಗಂಜಿಯ ಹಲಗೆ ಬಾಗುವುದರಲ್ಲೂ ಪಾಸು, ಹೊಡೆತದಲ್ಲೂ ಪಾಸು. ಮರುದಿನವೇ ಹೊರಟೆ. ಉಬ್ಬಿದ ಹಲಗೆಯೊಂದನ್ನು ಚೀಲದಲ್ಲಿಟ್ಟುಕೊಂಡೆ. ಕಾಕಾ ಎರಡು ಮಾತು ಅಂದರೆ ಅನ್ನಿಸಿಕೊಳ್ಳುವುದು, ಆಮೇಲೆ ಕಾಕಿ ಏನಾದರೂ ಚೇಷ್ಟೆ ಮಾಡಿ ನಗಿಸುತ್ತಾರೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಧೈರ್ಯ ಹೇಳಿಕೊಂಡೆ.

ಕಾಕಾ ಬಾಗಿಲಲ್ಲೇ ಕೂತಿದ್ದರು. ಗಡ್ಡ ಬೆಳೆದಿತ್ತು. ನನ್ನನ್ನು ನೋಡಿ ಎದ್ದು ಕಂಬಳಿ ಹಾಸಿದರು. ಒಳಗೆ ಮಗ್ಗ ಇರಲಿಲ್ಲ, ಕುಣಿಯ ಮೇಲೆ ಫರಸಿ ಕಲ್ಲು ಹಾಕಿ ಮುಚ್ಚಿದ್ದರು. ನಾನು ಕೂಡಲಿಲ್ಲ. ನಿಂತೇ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಹಲಗೆ ತೆಗೆದು ಕೈಗೆ ಕೊಟ್ಟೆ. "ಗಂಜಿ ಇದ್ದದ್ದಕ್ಕ ಇದು ಉಳೀತು ಕಾಕಾ. ಗಂಜಿ ಇಲ್ಲದ್ದು ಒಡದು ಚೂರಾತು. ತಪ್ಪು ನಂದು. ಕಾಕಿಗೂ ಕರೀರಿ, ಅವರ ಮುಂದನೂ ಹೇಳ್ತೀನಿ."

ಕಾಕಾ ಹಲಗೆಯ ಉಬ್ಬಿದ ಜಾಗವನ್ನು ಬೆರಳಿನಿಂದ ಸವರುತ್ತ ಕೂತರು.

"ಆಕಿ ಹೋದ್ಲು ಮಾಸ್ತರ. ಯುಗಾದಿ ಆಗಿ ಎಂಟು ದಿನಕ್ಕ."

ನಾನು ಕಂಬಳಿಯ ಮೇಲೆ ಕೂತೆ.

"ಗಂಜಿ ಕಾಸಿದಾಕಿ ಆಕಿನೇರಿ. ಹಾಸಿನ ಮ್ಯಾಲ ಕುಂಚದಿಂದ ಹಚ್ಚಿದಾಕಿನೂ ಆಕಿನೇ. ನಮ್ಮಲ್ಲಿ ಅದು ಹೆಣ್ಣಮಕ್ಕಳ ಕೆಲಸ. ಅವತ್ತು ನೀವು ಬೈದದ್ದು ನಾ ಮನ್ಯಾಗ ಹೇಳಿದ್ದಿಲ್ರಿ. ಸುರುಳಿ ಮ್ಯಾಲ ಕರಿ ಕಲಿ ಆಗಿತ್ತಲ್ಲ, ಅದನ್ನ ನೋಡಿ ಕೇಳಿದ್ಲು. ಗಂಟು ಬಿದ್ದು ಕೇಳಿದ್ಲು. ಹೇಳಿದೆ." ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡರು. "ನನ್ನ ಕೈಲಿಂದ ನಿಮ್ಮ ಮಗ್ಗ ನಿಂತಿತು ಅಂತ ಅನಕೋತ ಇದ್ಲು. ಹಂಗಲ್ಲ ಬಿಡು ಅಂತ ನಾ ಅಂದ್ರ ಕೇಳತಿದ್ದಿಲ್ಲ. ನಿಮಗೇನು ತಿಳೀತದ, ಮಾಸ್ತರ ಓದಿದವರು, ಅವರಂದದ್ದು ಖರೇನೇ ಇರ್ತದ ಅಂತಿದ್ಲು. ಜ್ವರ ಬಂದು ಮಲಗಿದಾಗನೂ ಅದೇ ಮಾತು. ಕಡೀ ದಿನನೂ ಅದೇ ಮಾತು."

ಮಗ್ಗ ಮತ್ತೆ ಹೂಡೋಣ, ಇಲಾಖೆಗೆ ನಾನೇ ಬರೆಯುತ್ತೇನೆ, ಎಂದು ಏನೇನೋ ಅಂದೆ. ಕಾಕಾ ತಲೆಯಲ್ಲಾಡಿಸಿದರು. "ಒಬ್ಬನಿಂದ ಮಗ್ಗ ನಡಿಯಂಗಿಲ್ರಿ. ಹೊಕ್ಕಿನ ನೂಲು ಕಂಡಿಕಿಗಿ ಸುತ್ತಾಕ, ಗಂಜಿ ಹಚ್ಚಾಕ ಇನ್ನೊಬ್ಬರು ಬೇಕು. ಕಟಗಿ ಎಲ್ಲಾ ಬಿಚ್ಚಿ ಕೊಟ್ಟುಬಿಟ್ಟೀನಿ."

ನೆರೆಮನೆಯ ಹೆಣ್ಣುಮಗಳು ಚಹಾ ತಂದಿಟ್ಟು ಹೋದಳು. ಕಾಕಾ ಹಲಗೆಯನ್ನು ತಿರುವಿ ತಿರುವಿ ನೋಡುತ್ತಲೇ ಇದ್ದರು. ಆಮೇಲೆ ತಲೆಯೆತ್ತಿ ಕೇಳಿದರು.

"ಇದು ಎಂದ ಗೊತ್ತಾತ್ರಿ ನಿಮಗ?"

ಶಿವರಾತ್ರಿಯ ಮರುವಾರ. ಕಾಕಿ ಹೋಗುವುದಕ್ಕೆ ಒಂದು ತಿಂಗಳಿಗೂ ಮೊದಲು. ತಾರೀಖು, ವಾರ, ಹೊತ್ತು ಎಲ್ಲ ನನ್ನ ಅಕ್ಷರದಲ್ಲೇ ಪುಸ್ತಕದಲ್ಲಿದೆ. ಆ ದಿನವೇ ಬಸ್ಸು ಹತ್ತಿದ್ದರೆ ಕಾಕಿ ಕೇಳಿಸಿಕೊಳ್ಳುತ್ತಿದ್ದರು.

"ಹೋದ ವಾರರೀ ಕಾಕಾ," ಎಂದೆ.

ಕಾಕಾ ಚಹಾದ ಬಸಿ ನನ್ನ ಕಡೆ ಸರಿಸಿದರು. "ಹಂಗಾರ ಲಗೂನ ಬಂದೀರಿ ಬಿಡ್ರಿ ಮಾಸ್ತರ. ಇಷ್ಟು ಬಿಸಿಲಾಗ, ಇದೊಂದು ಮಾತು ಹೇಳಾಕ ಯಾರು ಬರ್ತಾರ?"

ನಾನು ಬಸಿ ಎತ್ತಿಕೊಂಡು ಚಹಾ ಕುಡಿದೆ.